ಪಾರಮ್ಮನ ಕಡೀ ರೊಟ್ಟಿ

ಏ, ಮುದುಕಗ ಮರವು ಅಂತ ನಗಬ್ಯಾಡ್ರೋ! ಕನಕಗಿರಿ ಸಂತ್ಯಾಗ ಯಾರು ಎಲ್ಲಿ ಕುಂತು ಏನು ಮಾರ್ತಿದ್ರು, ಈಗ್ಲೂ ಹೇಳ್ತೀನಿ. ಸುಮ್ನ ಕೇಳ್ರಿ.

ಮೊನ್ನಿ ಮಧ್ಯಾಹ್ನ ಮೊಮ್ಮಗಳು ಐಶ್ವರ್ಯ ಟಿವಿಗೆ ಪತ್ತೇದಾರಿ ಗೇಮ್ ಹಚ್ಚಿದ್ಲು. ನೂರು ವರ್ಷದ ಹಿಂದಿನ ಪರದೇಶದ ಊರು, ಒಂದು ಖೂನಿ, ಅದನ್ನ ಹುಡುಕೋ ಟೊಪ್ಪಿಗಿ ಸಾಹೇಬ. ಸಾಹೇಬ ಒಂದು ಖಾಲಿ ಮನಿ ಹೊಕ್ಕ. ಒಳಗ ಮುಚ್ಚಿದ ಬಾಗ್ಲ ಹಿಂದ ರೊಟ್ಟಿ ಬಡಿಯೋ ಸಪ್ಪಳ, ನಡುನಡುವ ಕೈಬಳಿ ಮ್ಯಾಲ ಸರಿಸೋ ಸಪ್ಪಳ. ತೀರಿಹೋದ ನನ್ನ ಹೆಂಡ್ತಿ ಪಾರಮ್ಮ ಹಂಗ ಬಡೀತಿದ್ಲು.

"ಬಾಗ್ಲ ತೆಗಿಯವ್ವ," ಅಂದೆ.

"ಖೂನಿ ಆದ ಮನ್ಯಾಗೂ ನಿನಗ ರೊಟ್ಟಿ ಚಿಂತಿ ನೋಡ್ ಯಜ್ಜಾ! ಆ ಬಾಗ್ಲ ಬರೇ ಚಿತ್ರ, ತೆಗಿಯಾಕ ಬರೂದಿಲ್ಲ," ಅಂದು ನಕ್ಕಳು. ಆಮ್ಯಾಲ ಮೂಗು ಏರಿಸಿದ್ಲು. "ರೊಟ್ಟಿ ಸೀದ ವಾಸ್ನಿ ಎಲ್ಲಿಂದ ಬರಾಕತ್ತೈತಿ?" ನಮ್ಮ ಒಲಿ ತಣ್ಣಗಿತ್ತು.

ಕೇಳ್ತಾ ಕುಂತೆ. ಉಣ್ಣುವಾಗ ಅಂತಿದ್ದಂಗ ಬಾಯಿಂದ ಬಂದ್ಬಿಡ್ತು: "ಸಾಕು ಬಿಡ, ಪಾರಿ."

ಸಾಕು ಅಂದಮ್ಯಾಲೂ ಆಕಿ ಇನ್ನೊಂದು ಬಡದ ಏಳ್ತಿದ್ಲು. ಅವತ್ತೂ ಇನ್ನೊಂದು ಬಡದ್ಲು. ಆಮ್ಯಾಲ ಸಪ್ಪಳ ನಿಂತೋತು.

ಅವತ್ತಿನಿಂದ ದಿನಾ ಗೇಮ್‌ನ್ಯಾಗ ಆ ಮನಿ ಹೊಕ್ತೀವಿ, ಏನೂ ಕೇಳ್ಸೂದಿಲ್ಲ. ನನ್ನ ಈ ವಾಯ್ಸ್ ಮೆಸೇಜ್ ಆ ಗೇಮ್ ಆಡೋರಿಗೆಲ್ಲ ಕಳಿಸ್ರಿ. ಆ ಬಾಗ್ಲ ಹಿಂದ ರೊಟ್ಟಿ ಬಡಿಯೋದು ಕೇಳಿದ್ರ ನನಗ ಫೋನ್ ಹಚ್ರಿ. ಸಾಕು ಅಂತ ಮಾತ್ರ ಅನಬ್ಯಾಡ್ರಿ.