ನಂಬರ್ ಪ್ಲೇಟಿನ ಸುತ್ತ ಕಪ್ಪು ಗೆರೆ

ಮಂಗಳವಾರ ಬೆಳಿಗ್ಗೆ 9.10ಕ್ಕೆ ದರ್ಜಿ ಠಾಣೆಗೆ ಬಂದಾಗ ಅವನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. 7.40ಕ್ಕೆ ರಸ್ತೆ ದಾಟುತ್ತಿದ್ದ ಅವನ ಹೆಂಡತಿಗೆ ಬಿಳಿ ಕಾರೊಂದು ಗುದ್ದಿ ಹೋಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಆಕೆ ತೀರಿಕೊಂಡಿದ್ದಳು.

"ಯಾಕೆ ನಿಲ್ಲಿಸ್ಲಿಲ್ಲ ಅಂತ ಒಂದ್ಸಲ ಕೇಳ್ಬೇಕು ಸಾರ್, ಅಷ್ಟೇ," ಎಂದ.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. 11.30ಕ್ಕೆ ಸ್ಥಳ ಪಂಚನಾಮೆ. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾ ದೃಶ್ಯದ ಪ್ರತಿ ತೆಗೆಸಿ, ಮೂಲ ಡಿಸ್ಕಿಗೆ ಪಂಚರ ಮುಂದೆ ಅರಗಿನ ಮುದ್ರೆ ಒತ್ತಿದರು. ಪ್ರತಿ ಹೋದದ್ದು ಫೋಟೊ ವಿಭಾಗದ ಮೇಷ್ಟ್ರ ಕೈಗೆ. ಚಿತ್ರ ತಿದ್ದುವುದನ್ನು ಇಲಾಖೆಗೆಲ್ಲ ಕಲಿಸಿದ್ದರಿಂದ ಅವರಿಗೆ ಆ ಹೆಸರು. ಮೇಷ್ಟ್ರು ಕೈಯಿಟ್ಟರೆ ದೆವ್ವದ ಮುಖವೂ ಸ್ಪಷ್ಟವಾಗುತ್ತದೆಂದು ಠಾಣೆಯಲ್ಲಿ ತಮಾಷೆ. ಅವರು ಆಗದು ಎಂದರೆ ಮತ್ತೊಬ್ಬರು ಕೈಹಾಕುತ್ತಿರಲಿಲ್ಲ.

ಬುಧವಾರ ಸಂಜೆ ಅವರ ವರದಿ ಬಂತು: ನಂಬರು ಮಬ್ಬಾಗಿದೆ, ಓದಲಾಗದು.

ಗುರುವಾರ 10.15ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಲ್ಯಾಪ್‌ಟಾಪ್ ಹಿಡಿದು ಬಂದಳು. ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯೆ.

"ಸಾರ್, ಇದು ಕ್ಯಾಮೆರಾದ ಮಬ್ಬಲ್ಲ. ಯಾರೋ ಮಾಡಿದ್ದು."

"ಹೆಂಗೆ ಹೇಳ್ತೀಯಮ್ಮಾ?"

"ಚಿತ್ರ ತಿದ್ದೋ ಫಿಲ್ಟರ್ ಅಂದ್ರೆ ಮೂರು ಸಾಲು, ಮೂರು ಕಂಬದ ಒಂಬತ್ತು ಅಂಕಿ ಸಾರ್. ಚಿತ್ರದ ಒಂದೊಂದು ಚುಕ್ಕೀನೂ ಅದರ ಸುತ್ತಲಿನ ಎಂಟನ್ನೂ ಆ ಅಂಕಿಗಳಿಂದ ಗುಣಿಸಿ ಕೂಡಿಸ್ತೀವಿ. ಒಂಬತ್ತೂ ಸಮ ಇದ್ರೆ ಚಿತ್ರ ಮಬ್ಬಾಗುತ್ತೆ. ನಡುವೆ ಎಂಟು, ಸುತ್ತ ಮೈನಸ್ ಒಂದು ಇಟ್ರೆ ಗೆರೆಗಳು ಎದ್ದು ಕಾಣುತ್ತೆ. ವರದಿಯ ಚಿತ್ರಾನ ಕಡತಕ್ಕೆ ಸೇರಿಸೋ ಮುಂಚೆ ಈ ಎರಡನೇದನ್ನ ಸುಮ್ನೆ ಇಟ್ಟು ನೋಡ್ದೆ."

ಪರದೆಯ ಮೇಲೆ ನಂಬರ್ ಪ್ಲೇಟಿನ ಸುತ್ತ ಸ್ಕೇಲಿಟ್ಟು ಎಳೆದಂಥ ಚೌಕ.

"ಆ ತುಂಡನ್ನ ಮಾತ್ರ ಕತ್ತರಿಸಿ ಮಬ್ಬು ಮಾಡಿದಾರೆ. ತುಂಡಿನ ಅಂಚಲ್ಲಿರೋ ಚುಕ್ಕಿಗೆ ಒಂದು ಕಡೆ ಪಕ್ಕದ ಚುಕ್ಕಿ ಇರಲ್ಲ, ಅಲ್ಲಿ ಸೊನ್ನೆ ಅಂತ ಲೆಕ್ಕ. ಸೊನ್ನೆ ಅಂದ್ರೆ ಕಪ್ಪು. ಅಂಚು ಕಪ್ಪಾಗುತ್ತೆ, ಮರೀಬೇಡಿ ಅಂತ ಮೇಷ್ಟ್ರೇ ಹೇಳ್ಕೊಟ್ಟಿದ್ದು ಸಾರ್."

ಆ ಪ್ರತಿಯನ್ನು ಮುಟ್ಟಿದ್ದು ಒಬ್ಬರೇ.

ನ್ಯಾಯಾಲಯದ ಅನುಮತಿ ಪಡೆದು 3.20ಕ್ಕೆ ಪಂಚರೆದುರು ಮುದ್ರೆ ಒಡೆದರು. ಮೂಲ ದೃಶ್ಯದಲ್ಲಿ ನಂಬರು ಸ್ಪಷ್ಟವಾಗಿತ್ತು. ಯಾವ ರಿಜಿಸ್ಟರನ್ನೂ ನೋಡಬೇಕಿರಲಿಲ್ಲ. ಆ ಕಾರು ದಿನಾ ಇನ್‌ಸ್ಪೆಕ್ಟರ ಜೀಪಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಇನ್‌ಸ್ಪೆಕ್ಟರ್ ಮೇಷ್ಟ್ರನ್ನು ಕರೆಸಿದರು.

"ಯಾರು ಓಡಿಸ್ತಿದ್ರು ಮೇಷ್ಟ್ರೇ?"

"ನಾನೇ."

"ಹಾಡಹಗಲು! ಆಕೆ ಕಾಣ್ಲಿಲ್ವಾ?"

"ಇಲ್ಲ."

ಮೇಷ್ಟ್ರು ಜೇಬಿನಿಂದ ಕಣ್ಣಿನ ಡಾಕ್ಟರ ಚೀಟಿ ತೆಗೆದಿಟ್ಟರು. ಎರಡು ವರ್ಷ ಹಳೆಯದು. ಅವರ ನೋಟ ಅಂಚುಗಳಿಂದ ಒಳಕ್ಕೆ ಆರುತ್ತ ಬಂದಿತ್ತು, ಉಳಿದ ನಡುವೂ ಈಗ ಮಂಜು. ಹೆಂಡತಿಗೂ ಹೇಳಿರಲಿಲ್ಲ. ಚಿತ್ರ ನೋಡುವ ಆ ಕುರ್ಚಿ ಬಿಟ್ಟರೆ ತಾನು ಯಾರೂ ಅಲ್ಲ ಎಂಬ ಭಯ.

"ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸಿದ್ರೆ ಕಣ್ಣು ಪರೀಕ್ಷೆ ಮಾಡಿಸ್ತಿದ್ರಿ."

ಇನ್‌ಸ್ಪೆಕ್ಟರ್ ವರದಿಯ ಚಿತ್ರವನ್ನು ಮುಂದೆ ತಳ್ಳಿದರು. "ನಿಮ್ಮ ಪಾಠ ನೀವೇ ಮರೆತ್ರಲ್ಲ, ಈ ಕಪ್ಪು ಗೆರೆ?"

ಮೇಷ್ಟ್ರು ಹಾಳೆಯನ್ನು ಮೂಗಿನ ಹತ್ತಿರ ತಂದರು, ಓರೆಮಾಡಿದರು, ಕಿಟಕಿಯ ಬೆಳಕಿಗೆ ಹಿಡಿದರು.

"ಎಲ್ಲಿದೆ ಸಾರ್?"

5.05ಕ್ಕೆ ಬಂಧನ ದಾಖಲಾಯಿತು. ಹೊರಗೆ ಬೆಂಚಿನ ಮೇಲೆ ದರ್ಜಿ ಕಾಯುತ್ತಿದ್ದ. ಅವನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇನ್‌ಸ್ಪೆಕ್ಟರ್ ಹೋಗಿ ಬೆಂಚಿನ ಮೇಲೆ ಅವನ ಪಕ್ಕ ಕೂತರು.