ಶರು ಊದಿದ ವಿಷಲ್

"ಬಾಟ್ಲಿ ಯಾರು ಮುಚ್ಚಿಟ್ಟಿದ್ದು?"

ಕವನಾ ಅವನಿಗೆ ಆಡಿದ ಮೊದಲ ಮಾತೇ ಅದು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವನು ನಿರಂಜನ, ಹೊಸನಗರ–ತೀರ್ಥಹಳ್ಳಿ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಕೊರಳಲ್ಲಿ ವಿಷಲ್ ಇನ್ನೂ ನೇತಾಡುತ್ತಿತ್ತು.

"ನಾನೇ. ಮಾರ್ಫಿನ್ ಸಾಯೋರಿಗೆ ಕೊಡೋದಂತೆ. ನಮ್ಮ ಶರುಗೆ ಬೇಡ."

ಶರಾವತಿ ಅವನ ಅಕ್ಕ ಸುಷ್ಮಾಳ ಮಗಳು. ಮನೆ ಹೊಸನಗರದಲ್ಲಿ. ಎಂಟೇ ವರ್ಷ. ಮೂಳೆ ಕ್ಯಾನ್ಸರ್. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ದೊಡ್ಡಾಸ್ಪತ್ರೆಯವರು ಮನೆಗೆ ಕಳಿಸಿದ್ದರು. ಇಂಥ ಮಕ್ಕಳ ಮನೆಗಳಿಗೆ ಹೋಗಿ ನೋವು ಕಡಿಮೆ ಮಾಡುವುದೇ ನರ್ಸ್ ಕವನಾಳ ಕೆಲಸ. ಐದು ದಿನದ ಹಿಂದೆ ಸುಷ್ಮಾಳ ಕೈಗೆ ಕೊಟ್ಟು ಹೋಗಿದ್ದ ಔಷಧಿಯಲ್ಲಿ ಒಂದು ಹನಿಯೂ ಖರ್ಚಾಗಿರಲಿಲ್ಲ.

"ಇದು ಸಾವಿಗಲ್ಲ, ನೋವಿಗೆ. ನಿಮ್ಮ ಹೆದರಿಕೆಗೆ ಐದು ದಿನ ಆ ಮಗು ನರಳಿದೆ."

ಅವನು ಅಕ್ಕಿ ಡಬ್ಬದೊಳಗಿಂದ ಬಾಟಲಿ ತಂದುಕೊಟ್ಟ.

ಸಂಜೆಗೆ ಶರು ಎದ್ದು ಕೂತು ಗಂಜಿ ಕುಡಿದಳು. ಮಾವನ ಬಸ್ಸಲ್ಲಿ ಹೋಗಬೇಕು, ವಿಷಲ್ ತಾನೇ ಊದಬೇಕು ಎಂದು ಹಟ ಹಿಡಿದಳು.

ಭಾನುವಾರ ಬಸ್ಸಿನ ಮುಂದಿನ ಸೀಟಿನಲ್ಲಿ ಕವನಾಳೇ ಮಡಿಲಲ್ಲಿ ದಿಂಬಿಟ್ಟು ಅವಳನ್ನು ಕೂರಿಸಿಕೊಂಡಳು. ಒಂದು ಊದಿದರೆ ಬಸ್ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಪ್ರತಿ ಸ್ಟಾಪಿನಲ್ಲೂ ಶರುಗೆ ಉಸಿರು ಕೂಡುವವರೆಗೆ ಇಡೀ ಬಸ್ ಕಾಯಿತು. ಯಮುನಮ್ಮ ಎನ್ನುವ ಅಜ್ಜಿಯಂತೂ ಪುಟ್ಟ ಕಂಡಕ್ಟರ್ ಹೇಳದೆ ಇಳಿಯುವುದೇ ಇಲ್ಲ ಎಂದು ಕೂತುಬಿಟ್ಟರು.

ತುಂಗೆಯ ಸೇತುವೆ ಮೇಲೆ ಶರು ಕವನಾಳ ಕಿವಿಯಲ್ಲಿ ಹೇಳಿದಳು: "ಅಕ್ಕ, ಮಾವಂಗೆ ಬೈಬೇಡಿ. ಅವ್ನಿಗೆ ನನಗಿಂತ ಜಾಸ್ತಿ ಹೆದ್ರಿಕೆ."

ಆ ನಂತರ ಹದಿನೇಳು ದಿನ. ಅಮ್ಮನ ತೋಳಲ್ಲಿ, ನರಳದೆ, ಶರು ಹೊರಟುಹೋದಳು.

ಮತ್ತೆ ಕವನಾ ಆ ಬಸ್ ಹತ್ತಲಿಲ್ಲ. 'ನಾನು ತಂದ ಔಷಧಿಯಿಂದಲೇ ಮಗು ಹೋಯ್ತು ಅಂದ್ಕೊಂಡಿರ್ತಾರೆ...' ಕೆಲಸಕ್ಕೆ ಹೋಗುವಾಗ ಅರ್ಧ ಗಂಟೆ ಕಾದು ಅದರ ಹಿಂದೆ ಬರುವ ಬಸ್ಸಿಗೆ ಹೋಗುತ್ತಿದ್ದಳು. ಆದರೂ ನಿರಂಜನನ ಬಸ್ಸಿನ ವಿಷಲ್ ಕೇಳಿದಾಗೆಲ್ಲ ಎದೆ ಭಾರವಾಗುತ್ತಿತ್ತು.

ಹೀಗೇ ಒಂದು ವರ್ಷ.

ಇವತ್ತು ತೀರ್ಥಹಳ್ಳಿಯಲ್ಲಿ ಆ ಎರಡನೇ ಬಸ್ ಕೆಟ್ಟು ನಿಂತಿತ್ತು. ಬೇರೆ ದಾರಿಯಿಲ್ಲದೆ ನಿರಂಜನನ ಬಸ್ ಹತ್ತಿದಳು. ಅದೇ ಸೀಟು. ನಿರಂಜನ ಪಕ್ಕಕ್ಕೆ ಬಂದು ನಿಂತ.

"ಆ ಐದು ದಿನಕ್ಕೆ ನೀವು ನನ್ನ ಕ್ಷಮಿಸ್ಲಿಲ್ಲ ಅಲ್ವಾ?"

ಅವಳು ಬೆಚ್ಚಿ ತಲೆಯೆತ್ತಿದಳು. "ನಾನಾ? ನೀವೇ ನನ್ನ ದೂರ್ತಿದೀರ ಅಂತ..."

"ದೂರೋದಾ? ನಮ್ಮ ಶರುನ ಮತ್ತೆ ನಗ್ಸಿದ್ದು ನೀವು. ದಿನಾ ಈ ಸೀಟು ನೋಡ್ತಿದ್ದೆ. ಅವಳಿಗೋಸ್ಕರ ಮಾತ್ರ ಅಲ್ಲ... ನೀವು ಬರ್ತೀರೇನೋ ಅಂತ. ನನಗೆ ನೀವು ಬೇಕು ಕವನಾ."

ಹಿಂದಿನಿಂದ ಯಾರೋ ಗೊಣಗಿದರು. "ಕಂಡಕ್ಟ್ರೇ, ಇವತ್ತು ಹೊರಡ್ತೀರೋ, ನಾವು ನಡ್ಕೊಂಡೇ ಹೋಗ್ಬೇಕೋ?"

ನಿರಂಜನ ಜೇಬಿನಿಂದ ಶರು ಊದಿದ್ದ ಹಳೆಯ ವಿಷಲ್ ತೆಗೆದ. ಆ ಭಾನುವಾರ ಅವಳು ಅದಕ್ಕೆ ಕಟ್ಟಿದ್ದ ಗುಲಾಬಿ ದಾರ ಹಾಗೇ ಇತ್ತು.

"ಅವಳು ಹೋದ್ಮೇಲೆ ಇದನ್ನ ಯಾರೂ ಊದಿಲ್ಲ. ಈಗ ನೀವೇ ಹೇಳಿ. ಒಂದೋ, ಎರಡೋ?"

ಕವನಾಳ ಕಣ್ಣು ತುಂಬಿತು. ವಿಷಲ್ ತುಟಿಗಿಟ್ಟಳು.

ಒಂದು.

ಅವನು ಉಸಿರು ಬಿಗಿಹಿಡಿದ.

ಎರಡು.

ಬಸ್ ಹೊರಟಿತು. ಅವನು ಕೈಬೆರಳಲ್ಲಿ ಕಣ್ಣೊರೆಸಿಕೊಂಡ.

"ಟಿಕೆಟ್ ಎಲ್ಲಿಗೆ ಕೊಡ್ಲಿ?"

"ಹೊಸನಗರ. ಮೊದ್ಲು ಸುಷ್ಮಕ್ಕಂಗೆ ಹೇಳ್ಬೇಕಲ್ಲ."