ರಕಿಯಾಳ ಮೇಣದ ತುಂಡು

"ಇದೊಂದೇ ಯಾಕೆ ಬೆಚ್ಚಗಿದೆ?" ಖಾಲಿ ಪ್ರಯೋಗಾಲಯದಲ್ಲಿ ಜೋರಾಗಿಯೇ ಕೇಳಿಬಿಟ್ಟೆ.

ಕಾನೋ ನಗರದ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಗಡ್ಡೆಗಳ ಚೂರನ್ನು ಮೇಣದಲ್ಲಿ ಹುದುಗಿಸಿ, ಸಂಶೋಧನೆಗೆಂದು ಕಾದಿಡುವುದು ನನ್ನ ಕೆಲಸ. ಪೆಟ್ಟಿಗೆಯಲ್ಲಿದ್ದ ಬೇರೆಯವರ ತುಂಡುಗಳೆಲ್ಲ ತಣ್ಣಗಿದ್ದವು. ಎದೆಯ ಕ್ಯಾನ್ಸರಿನಿಂದ ತೀರಿಕೊಂಡ ರಕಿಯಾಳನ್ನು ಮಣ್ಣು ಮಾಡಿ ನಲವತ್ತು ದಿನವಾಗಿತ್ತು. ಅವಳದು ಮಾತ್ರ ನಿದ್ದೆಹೋದ ಮಗುವಿನ ಅಂಗೈಯಂತಿತ್ತು.

ಅವಳ ತಾಯಿ ತಲಾತು ಪ್ರತಿ ಶುಕ್ರವಾರ ಬರುತ್ತಿದ್ದಳು. ಓದಿದವರನ್ನು ಅಲ್ಲಿ ಕರೆಯುವಂತೆ ನನ್ನನ್ನು 'ಮಾಲಮ್' ಎನ್ನುತ್ತಿದ್ದಳು. "ನಿಮ್ಮ ಪೆಟ್ಟಿಗೆ ತುಂಬಿಸೋಕೆ ನನ್ನ ಮಗಳೇ ಬೇಕಿತ್ತಾ, ಮಾಲಮ್? ಅವಳು ಅರ್ಧಂಬರ್ಧ ಮಲಗಿದಾಳೆ. ಆ ಎದೆಯ ಚೂರು ಕೊಡಿ, ಗೋರಿಗೆ ಸೇರಿಸ್ತೀನಿ."

ಕೊನೆಗೆ ದೊಡ್ಡ ಡಾಕ್ಟರು ಒಪ್ಪಿದರು. ಬಾಲ್ಯದಿಂದ ಬಾಯಲ್ಲಿದ್ದ ಕುರಾನಿನ ಯಾಸೀನ್ ಅಧ್ಯಾಯ ಪಠಿಸುತ್ತ, ಆ ತುಂಡನ್ನು ಬಿಳಿಬಟ್ಟೆಯಲ್ಲಿ ಸುತ್ತಿ ತಲಾತುವಿನ ಕೈಗಿಟ್ಟೆ. ಆಕೆ ಅದನ್ನು ಕೆನ್ನೆಗೊತ್ತಿಕೊಂಡಳು; ಬಟ್ಟೆಯೊಳಗಿಂದಲೂ ಆ ಬಿಸುಪು ತಾಗಿ ಎದೆಗವಚಿಕೊಂಡಳು.

"ಸಂಜೆಯೊಳಗೆ ಮಣ್ಣು ಮಾಡಿಬಿಡಿ, ಅಮ್ಮಾ," ಎಂದು ಬೇಡಿಕೊಂಡೆ.

"ಮಾಡಲ್ಲ," ಎಂದಳು. "ಒಂದ್ಸಲ ಮಾಡಿದ್ದೇ ತಪ್ಪಾಯ್ತು."